ಎಡಗೈಯ ಅಮ್ಮ

ಮೇ 14, ಸೋಮವಾರ

ಆರ್ಡಿಸ್ ಅಂಚೆಚೀಟಿ ತರುತ್ತೇನೆಂದು ಹೋದವಳು ಒಬ್ಬ ಗಂಡಸನ್ನು ಕರೆದುಕೊಂಡು ಬಂದಳು. ಅಂಚೆಚೀಟಿ ಮರೆತಿದ್ದಳು.

ಹೆಸರು ವರ್ಲಿನ್ ಟಟಲ್ ಅಂತೆ. ಮಿಸ್ಸೌರಿಯವನಂತೆ. ಶಾಲೆಯ ಬಸ್ಸು ಓಡಿಸಿಕೊಂಡಿದ್ದು ಈಗ ನಿವೃತ್ತನಂತೆ, ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತಂತೆ. ಎಲ್ಲ ಬರೀ ಅಂತೆಕಂತೆ, ಕಣ್ಣಾರೆ ಕಂಡವರು ಯಾರು? ನನ್ನ ತಂಗಿಗೆ ಅರವತ್ತು ದಾಟಿದೆ, ಮದುವೆಯಾದವಳಲ್ಲ, ಬೀದಿನಾಯಿ ಬಾಲ ಅಲ್ಲಾಡಿಸಿದರೂ ಅದು ಒಳ್ಳೆಯ ಮನೆತನದ್ದು ಎನ್ನುವವಳು.

ನಮ್ಮ ನೊರ್ಡಾಲ್ ಅಂಚೆ ಕಚೇರಿಯಲ್ಲಿ, ಪೋಸ್ಟ್‌ಮಾಸ್ಟರನ ಬಾಗಿಲ ಮೇಲಿರುವ ಗೋಡೆಚಿತ್ರದ ಕೆಳಗೆ ಈ ಮನುಷ್ಯ ಹ್ಯಾಟನ್ನು ಕೈಯಲ್ಲಿ ಹಿಡಿದು ನಿಂತಿದ್ದನಂತೆ. ಅದೇ ಚಿತ್ರಗಾರ ಬೇರೆ ಬೇರೆ ಊರಿನ ಅಂಚೆ ಕಚೇರಿಗಳಲ್ಲಿ ಬರೆದ ಚಿತ್ರಗಳನ್ನು ನೋಡಿಕೊಂಡು ಬರುತ್ತಿದ್ದಾನಂತೆ. ಆರ್ಡಿಸ್ ಸುಮ್ಮನಿರುವವಳೇ? “ಅಲ್ಲಿ ಕಾಫಿ ಸುರೀತಿದಾಳಲ್ಲ ಹಸಿರು ಸ್ಕಾರ್ಫಿನವಳು, ಅವಳು ನಮ್ಮಮ್ಮ” ಎಂದಳಂತೆ. ಅವನು ಬಹಳ ಹೊತ್ತು ನೋಡಿ, “ತುಂಬಾ ಲಕ್ಷಣವಾಗಿದಾರೆ ನಿಮ್ಮಮ್ಮ” ಎಂದನಂತೆ. ಅಷ್ಟಕ್ಕೇ ಇವಳು ಕರಗಿಹೋಗಿದ್ದಾಳೆ.

ಅಮ್ಮ ಲಕ್ಷಣವಾಗಿದ್ದಳು ಎಂದು ನನಗೆ ಮಿಸ್ಸೌರಿಯವರು ಬಂದು ಹೇಳಬೇಕಿಲ್ಲ. 1940ರಲ್ಲಿ ಚಿತ್ರಗಾರ ಗೋಡೆಯ ಅಳತೆ ತೆಗೆಯಲು ಊರಿಗೆ ಬಂದಾಗ, ಹೊಸದಾಗಿ ಮದುವೆಯಾದ ನಮ್ಮ ಅಮ್ಮ ಸಿಗ್ನೆ ಕಾಳು ಒಕ್ಕುವ ಆಳುಗಳಿಗೆ ಹೊಲದಲ್ಲಿ ಕಾಫಿ ಕೊಡುತ್ತಿದ್ದದ್ದನ್ನು ಕಂಡು ಬರೆದದ್ದು ಅದು. ಇಡೀ ಊರಿಗೇ ಗೊತ್ತು. ಊರವರು ಮೊದಲ ದಿನದಿಂದ ಆ ಚಿತ್ರದಲ್ಲಿ ತಪ್ಪು ಹುಡುಕುತ್ತಿದ್ದಾರೆ ಎನ್ನುವುದೂ ನಿಜ. ಒಂದು ಕುದುರೆಗೆ ಲಗಾಮೇ ಇಲ್ಲ. ಅಮ್ಮನನ್ನು ಎಡಚಿ ಮಾಡಿಟ್ಟಿದ್ದಾನೆ. ಅಪ್ಪ ಸಾಯುವವರೆಗೂ ಹೇಳುತ್ತಿದ್ದರು, “ಪೇಟೆಯವನಿಗೆ ಲಗಾಮೂ ಗೊತ್ತಿಲ್ಲ, ಬಲಗೈ ಎಡಗೈಯೂ ಗೊತ್ತಿಲ್ಲ” ಎಂದು.

ಆರ್ಡಿಸ್ ಕರೆತಂದ ಈ ಆಸಾಮಿ ಎಡಗೈಯಲ್ಲಿ ಕಪ್ಪು ಹಿಡಿದು ಮೇಜುಬಟ್ಟೆಯ ಮೇಲೆ ಕಾಫಿ ಚೆಲ್ಲಿದ. ಕೊರಳಲ್ಲಿ ಕ್ಯಾಮೆರಾ ನೇತಾಡುತ್ತಿತ್ತು. ಎಷ್ಟು ಫೋಟೋ ತೆಗೆದಿರಿ ಎಂದು ಕೇಳಿದೆ.

“ಇಲ್ಲಿ ತೆಗೀಲಿಲ್ಲ, ಮೇಡಂ.”

ಚಿತ್ರ ನೋಡಲು ಅಷ್ಟು ದೂರದಿಂದ ಬಂದವನು ಚಿತ್ರದ ಫೋಟೋ ತೆಗೆಯುವುದಿಲ್ಲ! ಇದರಲ್ಲಿ ಏನೋ ಇದೆ.

ಜೂನ್ 3, ಭಾನುವಾರ

ಮತ್ತೆ ಬಂದಿದ್ದ. ಕಾಫಿ ಕುಡಿಯಲು ಮಿಸ್ಸೌರಿಯಿಂದ ಅಯೋವಾಕ್ಕೆ ಕಾರು ಓಡಿಸಿಕೊಂಡು ಬರುವ ಗಂಡಸನ್ನು ನಾನು ಕಂಡಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರ ಜೊತೆ ಊಟ ಮಾಡಿ, ಹೇಳಿಸಿಕೊಳ್ಳದೆ ಮಡಚುವ ಕುರ್ಚಿಗಳನ್ನೆಲ್ಲ ಎತ್ತಿಟ್ಟ. ಪಾದ್ರಿಯ ಹೆಂಡತಿ ನನ್ನ ಕಿವಿಯಲ್ಲಿ, “ಎಷ್ಟು ಒಳ್ಳೆ ಮನುಷ್ಯ!” ಎಂದಳು.

ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಸುಮ್ಮನೆ ಹೇಳಿಲ್ಲ.

ಜೂನ್ 20, ಬುಧವಾರ

ನಾನು ಹೆದರಿದ್ದೇ ಆಯಿತು. ತನ್ನನ್ನು ಮದುವೆಯಾಗಿ ಮಿಸ್ಸೌರಿಗೆ ಬಾ ಎಂದು ವರ್ಲಿನ್ ಆರ್ಡಿಸ್‌ಳನ್ನು ಕೇಳಿದ್ದಾನೆ. ರೂಬಾರ್ಬ್ ದಂಟು ಹೆಚ್ಚುತ್ತ, ನಾಳೆ ಬಟ್ಟೆ ಒಗೆಯಬೇಕು ಎನ್ನುವ ಹಾಗೆ ಹೇಳಿದಳು.

“ನೀನೇನಂದೆ?”

“ನಮ್ಮಕ್ಕ ಲಿಯೋಟಾ ಹೂಂ ಅಂದ್ರೆ ಹೂಂ ಅಂದೆ. ನೀನು ಬೇಡ ಅಂದ್ರೆ ಬೇಡ.”

“ನನ್ನ ತಲೆ ಮೇಲೆ ಯಾಕೆ ಹಾಕ್ತೀಯ?”

“ನೀನು ಹೇಗಿದ್ರೂ ಬೇಡ ಅಂತೀಯ. ಅದಕ್ಕೇ ಹೇಳ್ತಿದೀನಿ, ನೋಡಿ ಬೇಡ ಅನ್ನು. ಮುಂದಿನ ತಿಂಗಳು ಅವನು ಉಳಿದ ಮೂರು ಚಿತ್ರ ನೋಡೋಕೆ ಹೊರಟಿದಾನೆ. ಮೂರೂ ಜನ ಒಂದೇ ಕಾರಲ್ಲಿ ಹೋಗೋಣ. ನಿನ್ನ ಕಣ್ಣಿಗೆ ಬೀಳದ ಕಳ್ಳ ಇನ್ನೂ ಹುಟ್ಟಿಲ್ಲವಲ್ಲ!”

ಒಪ್ಪಿಕೊಂಡೆ. ನನ್ನ ಗಂಡ ಆರ್ವಿಲ್ ಸತ್ತ ವಾರ ಇವಳು ತನ್ನ ಎರಡು ಪೆಟ್ಟಿಗೆ ಹಿಡಿದು ಈ ಮನೆಗೆ ಬಂದಳು. ಅಂದಿನಿಂದ ಬೆಳಿಗ್ಗೆ ಎದುರು ಕುರ್ಚಿಯಲ್ಲಿ ಕೂತು ಪತ್ರಿಕೆಯ ಪದಬಂಧವನ್ನು ಜೋರಾಗಿ ಓದುತ್ತಾಳೆ. ನನಗೆ ಅದರಿಂದ ತಲೆನೋವು. ಆ ಕುರ್ಚಿ ಖಾಲಿಯಾಗುತ್ತದೆ ಎಂದುಕೊಂಡರೆ ಎದೆ ಧಸಕ್ಕೆನ್ನುತ್ತದೆ. ಆದರೆ ವಿಷಯ ಅದಲ್ಲ. ವಿಷಯ ಅವನು ಎಂಥವನು ಎನ್ನುವುದು.

ಜುಲೈ 9, ಸೋಮವಾರ. ಎಲ್ಕ್‌ಫೋರ್ಡ್

ಹಿಂದಿನ ಸೀಟು ನಾನೇ ಕೇಳಿ ಪಡೆದೆ. ಅಲ್ಲಿಂದ ಕನ್ನಡಿಯಲ್ಲಿ ಅವನ ಕಣ್ಣು ಕಾಣುತ್ತದೆ.

ಪ್ರತಿ ರೈಲ್ವೆ ಗೇಟಿನಲ್ಲೂ ಕಾರು ನಿಲ್ಲಿಸುತ್ತಾನೆ. ಗೇಟು ತೆರೆದಿದೆ, ಕಣ್ಣು ಹರಿಸಿದಷ್ಟು ದೂರ ಜೋಳದ ಹೊಲ, ರೈಲಿನ ಸುಳಿವಿಲ್ಲ. ಆದರೂ ನಿಲ್ಲಿಸಿ, ಕಿಟಕಿ ಇಳಿಸಿ, ಎರಡೂ ಕಡೆ ನೋಡಿ, ಕಿವಿಗೊಟ್ಟು ಕೇಳಿ ಆಮೇಲೆ ಹೊರಡುತ್ತಾನೆ.

“ಯಾರಾದ್ರೂ ಹಿಂದೆ ಬರ್ತಿದಾರಾ ಅಂತ ನೋಡ್ತಿದೀರಾ?” ಎಂದು ಕೇಳಿಯೇಬಿಟ್ಟೆ.

“ಬಸ್ಸಿನ ಅಭ್ಯಾಸ, ಮೇಡಂ. ಮಕ್ಕಳಿರ್ತಾರಲ್ಲ.”

“ಇಲ್ಲಿ ಯಾವ ಮಕ್ಕಳೂ ಇಲ್ಲ.”

“ಹೌದು, ಮೇಡಂ” ಎಂದವನು ಮುಂದಿನ ಗೇಟಿನಲ್ಲೂ ನಿಲ್ಲಿಸಿದ.

ಎಲ್ಕ್‌ಫೋರ್ಡಿನ ಚಿತ್ರ ನಮ್ಮದರಷ್ಟು ಚೆನ್ನಾಗಿಲ್ಲ. ಹಳೆಯ ಹೋಟೆಲಿನ ಮುಂದೆ ಕುದುರೆಗಾಡಿ ನಿಂತಿದೆ, ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಊಟದ ಗಂಟೆ ಬಾರಿಸುತ್ತಿದ್ದಾಳೆ. ಕುದುರೆಗಳಿಗೆ ಇಲ್ಲಿ ಲಗಾಮಿದೆ, ಆದರೆ ಗಾಡಿಗೂ ಕುದುರೆಗೂ ಏನೂ ಕಟ್ಟಿಯೇ ಇಲ್ಲ. ಅವು ಹೊರಟರೆ ಗಾಡಿ ಅಲ್ಲೇ ಉಳಿಯುತ್ತದೆ. ಕೌಂಟರಿನ ಹೆಂಗಸು ಕ್ಯಾಮೆರಾ ನೋಡಿದ್ದೇ ತಡ, ಇದು ಸರ್ಕಾರಿ ಕಟ್ಟಡ, ಯಾರು ನೀವು, ಏಕೆ ಫೋಟೋ ಎಂದು ವಿಚಾರಿಸಿದಳು. ಆಕೆಯನ್ನು ಕಂಡು ನನಗೆ ಗೌರವ ಬಂತು. ಚಿತ್ರಕ್ಕೆ ಎಂದ ಮೇಲೆ ಮೆತ್ತಗಾಗಿ, ಗಂಟೆ ಬಾರಿಸುವವಳು ತಮ್ಮೂರಿನ ಹುಲ್ಡಾ, ಆ ಹೋಟೆಲಿನ ಒಡತಿ ಎಂದು ಹೇಳಿದಳು.

“ಹೌದಾ? ಎಷ್ಟು ಒಳ್ಳೆ ಮುಖ!” ಎಂದ ವರ್ಲಿನ್. ಕ್ಯಾಮೆರಾವನ್ನು ಆರ್ಡಿಸ್ ಕೈಗಿತ್ತು, ಹ್ಯಾಟು ತೆಗೆದು, ಚಿತ್ರದ ಕೆಳಗೆ ಶಾಲೆಯ ಹುಡುಗನಂತೆ ನಿಂತು ಫೋಟೋ ತೆಗೆಸಿಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. ನಾನು ಕಂಡೆ.

ಯಾವುದೋ ಹೋಟೆಲಿನ ಹುಲ್ಡಾಳಿಗಾಗಿ ಯಾರಾದರೂ ಅಳುತ್ತಾರೆಯೇ?

ಇನ್ನೊಂದು ವಿಷಯ. ಹುಲ್ಡಾಳ ಗದ್ದ ನಮ್ಮ ಅಮ್ಮನ ಗದ್ದದ ಹಾಗೇ ಇದೆ. ಚಿತ್ರಗಾರ ನಮ್ಮ ಊರಿನಿಂದ ಕದ್ದು ತಂದು ಇಲ್ಲಿ ಅಂಟಿಸಿದ್ದಾನೆ. ಕದಿಯುವಂಥ ಗದ್ದವೇ ಅದು, ಬಿಡಿ.

ಜುಲೈ 10, ಮಂಗಳವಾರ. ವಾಲ್ನಟ್ ಬೆಂಡ್

ಇವತ್ತು ಸಿಕ್ಕಿಬಿದ್ದ!

ಇಲ್ಲಿನ ಚಿತ್ರದಲ್ಲಿ ಒಂದೇ ಕೋಣೆಯ ಶಾಲೆ. ಟೀಚರು ಕಪ್ಪು ಹಲಗೆಯ ಮೇಲೆ ಬರೆಯುತ್ತ, ತಿರುಗಿ ಮಕ್ಕಳ ಕಡೆ ನೋಡುತ್ತಿದ್ದಾಳೆ. ಆ ಟೀಚರು ತನ್ನ ಅಜ್ಜಿಯ ಅಕ್ಕ ಟಿಲ್ಲಿ ಎಂದು ಪೋಸ್ಟ್‌ಮಾಸ್ಟರ್ ಎದೆಯುಬ್ಬಿಸಿ ಹೇಳಿದ. ವರ್ಲಿನ್ ಮತ್ತೆ ಅದೇ ರಾಗ: “ಹೌದಾ ಸಾರ್? ಎಂಥಾ ಒಳ್ಳೆ ಮುಖ!” ಮತ್ತೆ ಹ್ಯಾಟು ಕೈಯಲ್ಲಿ, ಮತ್ತೆ ಫೋಟೋ, ಮತ್ತೆ ಕಣ್ಣು ಒದ್ದೆ. ನಿನ್ನೆ ಹುಲ್ಡಾ, ಇವತ್ತು ಟಿಲ್ಲಿ. ಕಂಡಕಂಡ ಹೆಂಗಸಿನ ಮುಂದೆ ಹ್ಯಾಟು ತೆಗೆಯುವವನಿಗೆ ನನ್ನ ತಂಗಿಯನ್ನು ಕೊಡಬೇಕೆ?

ಟಿಲ್ಲಿಗೂ ನಮ್ಮ ಅಮ್ಮನ ಗದ್ದವನ್ನೇ ಕೊಟ್ಟಿದ್ದಾನೆ, ಮೂಗನ್ನೂ ಸೇರಿಸಿ. ಅಮ್ಮನನ್ನು ನೋಡಿದ ಮೇಲೆ ಆ ಚಿತ್ರಗಾರನ ಕೈಗೆ ಬೇರೆ ಮುಖವೇ ಬರಲಿಲ್ಲವೆಂದು ಕಾಣುತ್ತದೆ. ಇದನ್ನು ಗಟ್ಟಿಯಾಗಿ ಹೇಳಿದೆ. ಆರ್ಡಿಸ್ ಕೆಮ್ಮಿದಳು. ವರ್ಲಿನ್ ಹ್ಯಾಟಿನ ಅಂಚನ್ನು ತಿರುಗಿಸುತ್ತ, “ಇರಬಹುದು, ಮೇಡಂ” ಎಂದ.

ಹೊರಗೆ ಬಂದ ಮೇಲೆ ಒಂದು ಹೊಳೆಯಿತು. ನಿನ್ನೆಯ ಚಿತ್ರದ ಕೆಳಗಿನ ಹಿತ್ತಾಳೆ ಫಲಕದಲ್ಲಿ ಇಸವಿ 1938 ಎಂದಿತ್ತು. ನಮ್ಮದು 1940. ನಮ್ಮ ಊರಿಗೆ ಬರುವ ಮೊದಲೇ ಅಮ್ಮನ ಗದ್ದ ಅವನಿಗೆ ಹೇಗೆ ಸಿಕ್ಕಿತು? ಫಲಕ ಮಾಡಿದವನೇ ತಪ್ಪು ಮಾಡಿರಬೇಕು. ಸರ್ಕಾರಿ ಕೆಲಸ.

ಜುಲೈ 11, ಬುಧವಾರ. ಸೇಂಟ್ ಆಲ್ಬನ್

ಮಿಸ್ಸೌರಿ. ಸೆಖೆ. ಇಲ್ಲಿನ ಚಿತ್ರದಲ್ಲಿ ನದಿ ಉಕ್ಕಿದೆ, ದೋಣಿಯಿಂದ ಇಳಿದವರಿಗೆ ಒಬ್ಬ ಹೆಂಗಸು ರೊಟ್ಟಿ ಕೊಯ್ದು ಕೊಡುತ್ತಿದ್ದಾಳೆ. ಕೌಂಟರಿನ ಕಿಟಕಿ ಊಟದ ಹೊತ್ತೆಂದು ಮುಚ್ಚಿತ್ತು, ಮುಂದಿನ ಹಜಾರ ಮಾತ್ರ ತೆರೆದಿತ್ತು. ಇವಳು ನಮ್ಮ ಅಜ್ಜಿ, ನಮ್ಮ ಅತ್ತೆ ಎಂದು ಹೇಳಲು ಯಾರೂ ಇರಲಿಲ್ಲ. ವರ್ಲಿನ್ ಚಿತ್ರದ ಎದುರಿನ ಗೋಡೆಗೆ ಒರಗಿ ಕೂತೇಬಿಟ್ಟ, ನೆಲದ ಮೇಲೆ. ನನಗೆ ನಾಚಿಕೆಯಾಯಿತು.

ಎದುರಿನ ಕೆಫೆಯಲ್ಲಿ ಪೈ ಬರುವ ಮೊದಲೇ ಕೇಳಿದೆ. ಅವನನ್ನು ‘ಮಿಸ್ಟರ್ ಟಟಲ್’ ಎಂದೇ ಕರೆಯುತ್ತೇನೆ, ಸಲಿಗೆ ಕೊಟ್ಟಿಲ್ಲ.

“ಮಿಸ್ಟರ್ ಟಟಲ್, ಹುಲ್ಡಾ ನಿಮಗೇನಾಗಬೇಕು? ಟಿಲ್ಲಿ ಏನಾಗಬೇಕು? ಈ ರೊಟ್ಟಿಯವಳು ಏನಾಗಬೇಕು?”

“ಲಿಯೋಟಾ!” ಎಂದಳು ಆರ್ಡಿಸ್.

“ಕೇಳಲಿ ಬಿಡು” ಎಂದ ಅವನು. ಫೋರ್ಕನ್ನು ಕೆಳಗಿಟ್ಟ. “ಮೂರೂ ಒಬ್ಬಳೇ, ಮೇಡಂ. ನಮ್ಮಮ್ಮ.”

ಚಿತ್ರಗಾರನ ಕೋಣೆ ಕಾನ್ಸಾಸ್ ಸಿಟಿಯಲ್ಲಿ ಒಂದು ಲಾಂಡ್ರಿಯ ಮೇಲಿತ್ತಂತೆ. ಇವನ ತಾಯಿ ಕೆಳಗೆ ಇಸ್ತ್ರಿ ಮಾಡುತ್ತಿದ್ದಳಂತೆ. ಚಿತ್ರ ಬರೆಯುವುದೆಲ್ಲ ಆ ಕೋಣೆಯಲ್ಲಿ, ದೊಡ್ಡ ಕ್ಯಾನ್ವಾಸಿನ ಮೇಲೆ; ಮುಗಿದ ಮೇಲೆ ಸುತ್ತಿ ತಂದು ಗೋಡೆಗೆ ಅಂಟಿಸುತ್ತಿದ್ದರಂತೆ. ಹೆಂಗಸು ಬೇಕಾದಾಗಲೆಲ್ಲ ಅವಳನ್ನೇ ಮೇಲೆ ಕರೆದು ನಿಲ್ಲಿಸಿಕೊಳ್ಳುತ್ತಿದ್ದನಂತೆ. ಇವನು ನಾಲ್ಕು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಆಮೇಲೆ ನದಿ ಮನೆಯೊಳಗೆ ನುಗ್ಗಿ ಫೋಟೋಗಳೆಲ್ಲ ಹೋದವು.

“ನನ್ನ ಚಿಕ್ಕಮ್ಮ ಒಂದ್ಸಲ ಈ ಪೋಸ್ಟ್ ಆಫೀಸಿಗೆ ಕರ್ಕೊಂಬಂದು, ಎತ್ತಿ ಹಿಡಿದು ತೋರಿಸಿದ್ಳು, ನೋಡೋ ನಿಮ್ಮಮ್ಮ ಅಂತ. ಅಮ್ಮನ ಮುಖ ಅಂದ್ರೆ ನನಗೆ ಅದೇ.”

ನಾನು ಅಷ್ಟಕ್ಕೆ ಬಿಡುವವಳಲ್ಲ. “ಹಾಗಾದ್ರೆ ಅವರೆಲ್ಲ ಹುಲ್ಡಾ, ಟಿಲ್ಲಿ ಅಂದಾಗ ಯಾಕೆ ಹೌದು ಹೌದು ಅಂದ್ರಿ?”

“ಅವರ ಅಜ್ಜೀನ ಕಿತ್ಕೊಂಡು ನಾನೇನು ಮಾಡ್ಲಿ, ಮೇಡಂ? ಅವರು ದಿನಾ ನೋಡ್ತಾರೆ. ನಾನು ಯಾವಾಗಲೋ ಒಮ್ಮೆ ಬಂದು ಹೋಗೋನು.”

“ಅಂತೂ ಅವನು ಬರೆದ ನಾಲ್ಕು ಚಿತ್ರದಲ್ಲಿ ನಮ್ಮೂರಿನದು ಒಂದೇ ಬೇರೆ ಹೆಂಗಸು ಅನ್ನಿ.”

ಅವನು ಕಾಫಿಯನ್ನು ಕಲಕಿದ. ಸಕ್ಕರೆ ಹಾಕಿರಲಿಲ್ಲ.

“ನಿಮ್ಮೂರಿನದು ನಿಮ್ಮಮ್ಮ, ಮೇಡಂ. ಆರ್ಡಿಸ್ ಹೇಳಿದಾಳಲ್ಲ.”

ಕಥೆಯೇನೋ ಕಣ್ಣಲ್ಲಿ ನೀರು ತರಿಸುವಂತಿದೆ, ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಅದರಲ್ಲೂ ಆ ಕೊನೆಯ ಮಾತು ಮನಸ್ಸಿನಲ್ಲೇ ಉಳಿದಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವನ ಮುಖ.

ಜುಲೈ 12, ಗುರುವಾರ

ವಾಪಸು. ಅವನಿಗೆ ಬೆನ್ನುನೋವೆಂದು ಅರ್ಧ ದಾರಿ ನಾನು ಓಡಿಸಿದೆ. ರೈಲ್ವೆ ಗೇಟುಗಳಲ್ಲಿ ನಿಲ್ಲಿಸಿದೆ. ಜಾಗ್ರತೆಯಿಂದಿರುವುದು ಯಾವಾಗಲೂ ಒಳ್ಳೆಯದು. ಅವನು ನೊರ್ಡಾಲ್ ಹೆದ್ದಾರಿಯ ಮೋಟೆಲಿನಲ್ಲಿ ಇಳಿದುಕೊಂಡ, ಭಾನುವಾರದವರೆಗೆ ಇರುತ್ತಾನೆ. ನನ್ನ ತೀರ್ಮಾನವೇನೆಂದು ಆರ್ಡಿಸ್ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಜುಲೈ 13, ಶುಕ್ರವಾರ

ಬೆಳಿಗ್ಗೆ ಒಬ್ಬಳೇ ಅಂಚೆ ಕಚೇರಿಗೆ ಹೋದೆ. ಅವನ ಸುಳ್ಳನ್ನು ಹಿಡಿಯಲೆಂದೇ ಹೋದದ್ದು.

ಟಿಲ್ಲಿ ಹಲಗೆಯ ಮೇಲೆ ಬರೆಯುತ್ತಿದ್ದದ್ದು ಎಡಗೈಯಲ್ಲಿ. ಇದು ನಿನ್ನೆ ಕಾರಿನಲ್ಲಿ ನೆನಪಾಗಿತ್ತು. ನಮ್ಮ ಕಾಲದಲ್ಲಿ ಎಡಗೈಯಲ್ಲಿ ಬರೆದರೆ ಮಕ್ಕಳ ಬೆರಳಿಗೆ ಏಟು ಬೀಳುತ್ತಿತ್ತು, ಅಂಥದ್ದರಲ್ಲಿ ಎಡಗೈ ಟೀಚರೇ ಎಂದುಕೊಂಡಿದ್ದೆ. ಹುಲ್ಡಾಳ ಗಂಟೆಯೂ ಎಡಗೈಯಲ್ಲಿತ್ತು. ರೊಟ್ಟಿ ಕೊಯ್ಯುವ ಚಾಕೂ ಎಡಗೈಯಲ್ಲೇ. ವರ್ಲಿನ್ ಫೋರ್ಕು ಹಿಡಿಯುವುದು, ಹ್ಯಾಟು ತೆಗೆಯುವುದು ಎಲ್ಲ ಎಡಗೈಯಲ್ಲಿ.

ತಲೆ ಎತ್ತಿ ನೋಡಿದೆ. ಹಸಿರು ಸ್ಕಾರ್ಫು. ಅದೇ ಗದ್ದ, ಅದೇ ಮೂಗು. ಎಡಗೈಯಲ್ಲಿ ಕಾಫಿ ಪಾತ್ರೆ.

ನಮ್ಮ ಅಮ್ಮ ಎಡಗೈಯಲ್ಲಿ ಒಂದು ಚಮಚ ಹಿಡಿದವಳಲ್ಲ. ಅಪ್ಪ ಜೀವಮಾನವಿಡೀ ನಗಾಡಿದ ತಪ್ಪು ತಪ್ಪೇ ಅಲ್ಲ. ಚಿತ್ರಗಾರ ಕಂಡದ್ದನ್ನು ಕಂಡ ಹಾಗೆ ಬರೆದಿದ್ದಾನೆ. ಅವನು ಕಂಡದ್ದು ನಮ್ಮ ಅಮ್ಮನನ್ನಲ್ಲ.

ಮನೆಗೆ ಹೇಗೆ ಬಂದೆನೋ ತಿಳಿಯದು. ಆರ್ಡಿಸ್ ಹಿಂಬಾಗಿಲ ಮೆಟ್ಟಿಲ ಮೇಲೆ ಹುರುಳಿಕಾಯಿ ಮುರಿಯುತ್ತಿದ್ದಳು.

“ಅದು ಅಮ್ಮ ಅಲ್ಲ” ಎಂದೆ.

ಅವಳು ಮುರಿಯುವುದನ್ನು ನಿಲ್ಲಿಸಲಿಲ್ಲ. “ಗೊತ್ತು.”

“ಏನು ಗೊತ್ತು? ಯಾವಾಗಿಂದ?”

“ಅಮ್ಮ ಹಾಸಿಗೆ ಹಿಡಿದಾಗ ಹೇಳಿದ್ಳು. ಅವಳು ಆ ಚಿತ್ರದವನ ಮುಖಾನೂ ನೋಡಿರ್ಲಿಲ್ಲ ಕಣೇ. ಯಾರೋ ಊರವರು ಸಿಗ್ನೆ ಥರ ಇದೆ ಅಂದ್ರಂತೆ, ಅಪ್ಪ ಅದನ್ನೇ ಹಿಡ್ಕೊಂಡು ಊರೆಲ್ಲ ಸಾರಿದ್ರಂತೆ. ಅವರ ಖುಷಿ ನೋಡಿ ಅಮ್ಮನಿಗೆ ಅಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಆಮೇಲೆ ನೀನು ಹುಟ್ಟಿದೆ, ನೀನೂ ಸಾರೋಕೆ ಶುರು ಮಾಡಿದೆ.”

“ಮತ್ತೆ ಅವನ ಹತ್ರ ನೀನ್ಯಾಕೆ ನಮ್ಮಮ್ಮ ಅಂದೆ?”

“ಹುಟ್ಟಿದಾಗಿಂದ ಹೇಳ್ಕೊಂಡು ಬಂದಿದ್ದು, ಬಾಯಿಗೆ ಬಂತು. ಎಲ್ಕ್‌ಫೋರ್ಡಲ್ಲಿ ಮತ್ತೆ ಅದೇ ಮುಖ, ಅವನ ಒದ್ದೆ ಕಣ್ಣು ನೋಡಿದಾಗ್ಲೇ ಅವನು ಇಲ್ಲಿ ಯಾಕೆ ಹ್ಯಾಟು ತೆಗೆದು ನಿಂತಿದ್ದ ಅಂತ ತಿಳೀತು. ನಾನೂ ಕೇಳ್ಲಿಲ್ಲ, ಅವನೂ ಹೇಳ್ಲಿಲ್ಲ. ಹೇಳಿದ್ರೆ ನಮ್ಮಮ್ಮನ್ನ ಕಿತ್ಕೊಂಡ ಹಾಗಾಗುತ್ತೆ ಅಂತ ಸುಮ್ನಿದ್ದ.”

“ನನಗಾದ್ರೂ ನೀನು ಹೇಳಬಹುದಿತ್ತಲ್ಲ!”

“ನೀನು ಯಾವತ್ತು ಬೇರೆಯವರು ಹೇಳಿದ್ದನ್ನ ನಂಬಿದೀಯ? ನೀನೇ ಹಿಡೀಬೇಕಿತ್ತು.”

ಸಿಟ್ಟು ಬಂತು. ಆಮೇಲೆ ಅಳು ಬಂತು. ಅಮ್ಮ ಸತ್ತಾಗ ಇಷ್ಟು ಅತ್ತಿರಲಿಲ್ಲ. ಅಂಚೆ ಕಚೇರಿಗೆ ಹೋದರೆ ಇರುತ್ತಾಳಲ್ಲ ಎಂಬ ಧೈರ್ಯವಿತ್ತು. ಹಾಲಿನವನನ್ನು ಅನುಮಾನಿಸಿದ್ದೇನೆ, ಪಾದ್ರಿಯನ್ನು ಅನುಮಾನಿಸಿದ್ದೇನೆ, ಹವಾಮಾನ ಹೇಳುವವನನ್ನೂ ಬಿಟ್ಟವಳಲ್ಲ. ಈ ಒಂದನ್ನು ಮಾತ್ರ ಒಂದು ದಿನವೂ ಅನುಮಾನಿಸಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಅವನು ಇಲ್ಲಿ ಫೋಟೋ ಏಕೆ ತೆಗೆಯಲಿಲ್ಲ ಎಂಬುದೂ ಈಗ ತಿಳಿಯಿತು.

ಜುಲೈ 14, ಶನಿವಾರ

ಬೆಳಿಗ್ಗೆ ಮೋಟೆಲಿಗೆ ಫೋನು ಮಾಡಿ, ಕ್ಯಾಮೆರಾ ತೆಗೆದುಕೊಂಡು ಅಂಚೆ ಕಚೇರಿಗೆ ಬನ್ನಿ ಎಂದೆ. ಏಕೆ ಎಂದು ಕೇಳದೆ ಬಂದ. ಗಡ್ಡ ಹೆರೆಯುವಾಗ ಕೆನ್ನೆ ಕೊಯ್ದುಕೊಂಡಿದ್ದ. ಬೇಡ ಎನ್ನುವುದಕ್ಕೇ ಕರೆಸಿದ್ದೇನೆ ಎಂದುಕೊಂಡಿರಬೇಕು, ಮುಖದಲ್ಲಿ ರಕ್ತವೇ ಇರಲಿಲ್ಲ. ಆರ್ಡಿಸ್ ನನ್ನ ತೋಳು ಹಿಡಿದುಕೊಂಡಿದ್ದಳು.

ಶನಿವಾರವಾದ್ದರಿಂದ ಸಾಲು ಬಾಗಿಲವರೆಗೆ ಇತ್ತು. ಊರವರೇ ಎಲ್ಲ.

“ಹ್ಯಾಟು ತೆಗೀರಿ. ಆ ಬಾಗಿಲ ಪಕ್ಕ ನಿಲ್ಲಿ” ಎಂದೆ. “ಇಲ್ಲಿ ನಿಮ್ಮ ಫೋಟೋ ಇಲ್ಲವಲ್ಲ.”

“ಬೇಡ ಮೇಡಂ, ಇದು ನಿಮ್ಮ...”

“ಕಾಲರ್ ಸರಿ ಮಾಡ್ಕೊಳ್ಳಿ.”

ಕೌಂಟರಿನಿಂದ ಡೋರೀನ್ ನಕ್ಕಳು. “ಏನು ಲಿಯೋಟಾ, ನಿಮ್ಮಮ್ಮನ ಜೊತೆ ಅವರ ಫೋಟೋನಾ? ಹೊಸ ನೆಂಟರಾ?”

ಸಾಲಿನ ಕೊನೆಯವರಿಗೂ ಕೇಳುವ ಹಾಗೆ ಹೇಳಿದೆ: “ಡೋರೀನ್, ಅದು ನಮ್ಮಮ್ಮ ಅಲ್ಲ. ಇವರಮ್ಮ. ನಮ್ಮಮ್ಮ ಬಲಗೈಯವಳು.”

ನೊರ್ಡಾಲಿನಲ್ಲಿ ಇನ್ನು ಚಳಿಗಾಲದವರೆಗೆ ಮಾತಾಡಲು ಇಷ್ಟು ಸಾಕು. ವರ್ಲಿನ್ ಹ್ಯಾಟನ್ನು ಎಡಗೈಯಲ್ಲಿ ಎದೆಗೊತ್ತಿ ಹಿಡಿದು ನಿಂತ. ಕ್ಯಾಮೆರಾದ ಕಿಂಡಿಯಲ್ಲಿ ಮೇಲೆ ಅವಳು, ಕೆಳಗೆ ಇವನು, ಇಬ್ಬರಿಗೂ ಒಂದೇ ಗದ್ದ. ನನ್ನ ಕಣ್ಣು ಮಂಜಾಗಿತ್ತು. ಫೋಟೋ ಅಲ್ಲಾಡಿದ್ದರೆ ನಾನು ಹೊಣೆಯಲ್ಲ.

“ಮಿಸ್ಸೌರಿಯ ಸೆಖೆ ನಿನಗೆ ಆಗಿಬರಲ್ಲ” ಎಂದೆ ಆರ್ಡಿಸ್‌ಗೆ. “ತೆಳ್ಳನೆ ಬಟ್ಟೆ ಹೊಲಿಸ್ಕೋ.”

ಅವಳು ಎಲ್ಲರ ಮುಂದೆ ನನ್ನನ್ನು ತಬ್ಬಿಕೊಂಡಳು. ನಮ್ಮ ಮನೆತನದಲ್ಲಿ ಇಂಥದ್ದು ನಡೆದದ್ದಿಲ್ಲ.

ಹೊರಡುವಾಗ ವರ್ಲಿನ್ ನನ್ನನ್ನು ಪಕ್ಕಕ್ಕೆ ಕರೆದ. “ಮೇಡಂ, ಮೇಲೆ ನೋಡಿ. ಹುಲ್ಲಿನ ಮೆದೆಯ ಹಿಂದೆ, ದೂರದಲ್ಲಿ ಒಬ್ಬಳು ಹೋಗ್ತಿದಾಳೆ, ಬಕೆಟ್ ಹಿಡ್ಕೊಂಡು. ಬೆನ್ನು ಕಾಣುತ್ತೆ ಅಷ್ಟೆ. ಅವಳು ನಮ್ಮಮ್ಮ ಅಲ್ಲ. ಬಕೆಟ್ ಬಲಗೈಲಿದೆ.”

ಹೆಬ್ಬೆರಳಿನಷ್ಟು ಉದ್ದದ ಹೆಂಗಸು. ಇಷ್ಟು ವರ್ಷ ನಾನು ಅವಳನ್ನು ನೋಡಿಯೇ ಇಲ್ಲ. ಚಿತ್ರಗಾರ ಅಳತೆ ತೆಗೆಯಲು ಬಂದದ್ದಂತೂ ನಿಜ. ಹೊಲದ ಕಡೆ ನಡೆದು ಹೋಗಿರಲೂಬಹುದು. ಭಾರ ಹೊತ್ತಾಗ ಅಮ್ಮನ ಒಂದು ಭುಜ ಇಳಿಯುತ್ತಿತ್ತು. ಇವಳದೂ ಇಳಿದಿದೆಯೋ, ಬಣ್ಣ ಮಾಸಿದ್ದೋ, ಕೆಳಗಿನಿಂದ ಹೇಳಲಾಗುವುದಿಲ್ಲ.

ನನ್ನನ್ನು ಸಮಾಧಾನಪಡಿಸಲು ಹೇಳಿದ್ದಾನೆ, ಅದರಲ್ಲಿ ಅನುಮಾನವಿಲ್ಲ. ಆದರೂ ಸೋಮವಾರ ಆರ್ವಿಲ್‌ನ ದುರ್ಬೀನು ತೆಗೆದುಕೊಂಡು ಹೋಗಿ ಸರಿಯಾಗಿ ನೋಡಬೇಕು.